ಲಾರೆನ್ಸ್‌ನ ಕಥೆಗೆ 1993ರಲ್ಲಿ ಅಷ್ಟೊಂದು ವಿರೋಧ ಬಂದದ್ದು ಏಕೆ?

ಪ್ರಶ್ನೆ: ಚಿತ್ರಾಸಕ್ತ, ಮೈಸೂರು

ಎಲ್ಲರಿಗೂ ನಮಸ್ಕಾರ. ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗಾಗಿ ದಿನಪತ್ರಿಕೆಗಳ ಕಾಮಿಕ್ ಸ್ಟ್ರಿಪ್‌ಗಳ ಬಗ್ಗೆ ಒಂದು ಉಪನ್ಯಾಸವನ್ನು ಸಿದ್ಧಪಡಿಸುತ್ತಿದ್ದೇನೆ. ಕೆನಡಾದ ಲಿನ್ ಜಾನ್‌ಸ್ಟನ್ ಅವರ ‘ಫಾರ್ ಬೆಟರ್ ಆರ್ ಫಾರ್ ವರ್ಸ್’ ಸರಣಿಯ ಒಂದು ಪ್ರಸಂಗಕ್ಕೆ ಬಂದಾಗ ನನ್ನ ಟಿಪ್ಪಣಿ ಮುಂದೆ ಸಾಗದೆ ನಿಂತಿದೆ.

1979ರಲ್ಲಿ ಆರಂಭವಾದ ಈ ಸರಣಿ ಪ್ಯಾಟರ್ಸನ್ ಎಂಬ ಮಧ್ಯಮವರ್ಗದ ಕುಟುಂಬದ ದಿನನಿತ್ಯದ ಕಥೆ. ತಂದೆ ದಂತವೈದ್ಯ, ತಾಯಿ ಎಲ್ಲಿ, ಮಕ್ಕಳು, ಒಂದು ನಾಯಿ. 1993ರ ಮಾರ್ಚ್ ಕೊನೆಯಲ್ಲಿ, ಆ ಮನೆಯ ಹಿರಿಯ ಮಗ ಮೈಕಲ್‌ನ ಬಾಲ್ಯದ ಗೆಳೆಯ ಲಾರೆನ್ಸ್, ತಾನು ಪ್ರೀತಿಸುತ್ತಿರುವುದು ಒಬ್ಬ ಹುಡುಗನನ್ನು ಎಂದು ಗೆಳೆಯನ ಎದುರು ಹೇಳಿಕೊಳ್ಳುತ್ತಾನೆ. ಮೈಕಲ್‌ನ ಒತ್ತಾಯದಿಂದ ಮನೆಯಲ್ಲಿಯೂ ತಿಳಿಸುತ್ತಾನೆ. ತಾಯಿ ಕಾನಿ ನಂಬಲು ಒಪ್ಪುವುದಿಲ್ಲ. ಮಲತಂದೆ ಗ್ರೆಗ್ ಅವನನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಮೈಕಲ್ ರಾತ್ರಿಯಲ್ಲಿ ಅವನನ್ನು ಹುಡುಕಿಕೊಂಡು ಹೋಗುತ್ತಾನೆ. ಕೊನೆಗೆ ಹುಡುಗ ಮನೆಗೆ ಮರಳುತ್ತಾನೆ. ನಾಲ್ಕೈದು ವಾರ ನಡೆದ ಈ ಕಥೆಯಲ್ಲಿ ಒಂದು ಮುತ್ತಿಲ್ಲ. ಆ ಇನ್ನೊಬ್ಬ ಹುಡುಗನೊಂದಿಗೆ ಒಂದು ಪ್ರಣಯದ ಸನ್ನಿವೇಶವೂ ಇಲ್ಲ.

ಆದರೂ ಅಮೆರಿಕ ಮತ್ತು ಕೆನಡಾದ ಸುಮಾರು 20 ಪತ್ರಿಕೆಗಳು ಈ ಸರಣಿಯನ್ನೇ ಕೈಬಿಟ್ಟವು. ಸುಮಾರು 40 ಪತ್ರಿಕೆಗಳು ಆ ವಾರಗಳಲ್ಲಿ ಹಳೆಯ ಸ್ಟ್ರಿಪ್‌ಗಳನ್ನು ಮರುಮುದ್ರಿಸಿದವು. ಅದೇ ಪತ್ರಿಕೆಗಳ ಮುಖಪುಟದಲ್ಲಿ ಆ ದಿನಗಳಲ್ಲಿಯೇ, ಸಲಿಂಗಿಗಳು ಅಮೆರಿಕದ ಸೇನೆಯಲ್ಲಿ ಇರಬಹುದೇ ಎಂಬ ಕ್ಲಿಂಟನ್ ಕಾಲದ ವಾಗ್ವಾದ ದಿನವೂ ವರದಿಯಾಗುತ್ತಿತ್ತು. ಮುಖಪುಟದಲ್ಲಿ ಸಹಿಸಿಕೊಂಡ ವಿಷಯವನ್ನು ಓದುಗರು ಕಾಮಿಕ್ಸ್ ಪುಟದಲ್ಲಿ ಸಹಿಸದಿದ್ದುದು ಏಕೆ? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ 1: ನಿವೃತ್ತ ಉಪಸಂಪಾದಕ

ನಾನು ಮೂರು ದಶಕ ಕನ್ನಡ ಪತ್ರಿಕೆಗಳ ಡೆಸ್ಕ್‌ನಲ್ಲಿ ಕೆಲಸ ಮಾಡಿದವನು. ಒಮ್ಮೆ ನಮ್ಮ ಪತ್ರಿಕೆಯಲ್ಲಿ ಹಿಂದಿನ ದಿನದ ಪದಬಂಧವೇ ಮತ್ತೆ ಅಚ್ಚಾಗಿಬಿಟ್ಟಿತು. ಅಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಫೋನ್ ನಿಲ್ಲಲಿಲ್ಲ. ಸಂಪಾದಕೀಯದಲ್ಲಿ ಅದಕ್ಕಿಂತ ದೊಡ್ಡ ತಪ್ಪು ಆದ ದಿನಗಳಲ್ಲಿ ಅದರ ಕಾಲುಭಾಗದಷ್ಟು ಕರೆಗಳೂ ಬಂದಿರಲಿಲ್ಲ. ಓದುಗರಿಗೆ ಪತ್ರಿಕೆಯ ಕೆಲವು ಮೂಲೆಗಳು ಸ್ವಂತ ಮನೆಯ ಜಗಲಿ ಇದ್ದಂತೆ. ಮುಖಪುಟ ಊರಿನದು, ಸಂಪಾದಕೀಯ ಪತ್ರಿಕೆಯವರದು, ಪದಬಂಧ ಮತ್ತು ಚಿತ್ರಕಥೆ ಮಾತ್ರ ತಮ್ಮವು ಎಂಬ ಭಾವನೆ ಅವರಲ್ಲಿ ಬೇರೂರಿರುತ್ತದೆ. ಅಮೆರಿಕದ ಓದುಗರೂ ಇದಕ್ಕೆ ಹೊರತಲ್ಲ.

ಕೆಲಸದ ಕ್ರಮವನ್ನೂ ಗಮನಿಸಬೇಕು. ಕಲಾವಿದರು ದಿನನಿತ್ಯದ ಸ್ಟ್ರಿಪ್‌ಗಳನ್ನು ಹಲವು ವಾರ ಮೊದಲೇ ಸಿಂಡಿಕೇಟ್‌ಗೆ, ಅಂದರೆ ಅವನ್ನು ಅನೇಕ ಪತ್ರಿಕೆಗಳಿಗೆ ಮಾರುವ ಸಂಸ್ಥೆಗೆ, ಒಪ್ಪಿಸುತ್ತಾರೆ. ಸಿಂಡಿಕೇಟ್ ಅವನ್ನು ಚಂದಾದಾರ ಪತ್ರಿಕೆಗಳಿಗೆ ಮುಂಚಿತವಾಗಿ ಕಳುಹಿಸುತ್ತದೆ. ಆದ್ದರಿಂದ ಲಾರೆನ್ಸ್‌ನ ಕಥೆ ಯಾವ ಸಂಪಾದಕರ ಮೇಲೂ ಏಕಾಏಕಿ ಬಂದು ಬೀಳಲಿಲ್ಲ. ಯುನಿವರ್ಸಲ್ ಪ್ರೆಸ್ ಸಿಂಡಿಕೇಟ್ ಮೊದಲೇ ಎಚ್ಚರಿಕೆ ಕೊಟ್ಟಿತ್ತು, ಬೇಡವೆಂದವರಿಗೆ ಹಳೆಯ ಸ್ಟ್ರಿಪ್‌ಗಳನ್ನೂ ಒದಗಿಸಿತ್ತು. ಹೀಗಾಗಿ ಕೆಲವು ಊರುಗಳಲ್ಲಿ ಓದುಗರ ವಿರೋಧ ಹುಟ್ಟುವ ಮೊದಲೇ ಸಂಪಾದಕರು ಅದನ್ನು ಊಹಿಸಿ ಕಥೆಯನ್ನು ತೆಗೆದಿರಿಸಿದರು. ಚಂದಾ ನಿಲ್ಲಿಸುತ್ತೇವೆಂದು ನಿಜವಾಗಿ ಬೆದರಿಸಿದ ಓದುಗರು ಒಂದು ಕಡೆ, ಬೆದರಿಸಿಯಾರು ಎಂದು ಹೆದರಿದ ಸಂಪಾದಕರು ಇನ್ನೊಂದು ಕಡೆ. ಚರಿತ್ರೆ ಬರೆಯುವಾಗ ಇವರಿಬ್ಬರನ್ನೂ ‘ಸಾರ್ವಜನಿಕ ವಿರೋಧ’ ಎಂಬ ಒಂದೇ ಚೀಲಕ್ಕೆ ಹಾಕಬಾರದು. ಸಂಪಾದಕರಿಗೆ ತಮ್ಮ ಪುಟದಲ್ಲಿ ಏನಿರಬೇಕೆಂದು ತೀರ್ಮಾನಿಸುವ ಅಧಿಕಾರ ಇದ್ದೇ ಇದೆ. ಆದರೆ ಓದುಗರಿಗೆ ಒಂದು ಮಾತೂ ತಿಳಿಸದೆ ಹಳೆಯದನ್ನು ಹೊಸದರ ಜಾಗದಲ್ಲಿ ಇಡುವುದು ನನ್ನ ಮಟ್ಟಿಗೆ ವೃತ್ತಿಧರ್ಮವಲ್ಲ.

ಇದು ಮೊದಲ ಪ್ರಸಂಗವೂ ಅಲ್ಲ. ಅಮೆರಿಕದ ಗ್ಯಾರಿ ಟ್ರುಡೊ ಅವರ ‘ಡೂನ್ಸ್‌ಬರಿ’ ಎಂಬ ಕಾಮಿಕ್ ಸರಣಿಯಲ್ಲಿ 1976ರಲ್ಲಿಯೇ ಆ್ಯಂಡಿ ಲಿಪಿನ್‌ಕಾಟ್ ಎಂಬ ಪಾತ್ರ ಬಂದಿತ್ತು. ಕಾನೂನು ಓದುತ್ತಿದ್ದ ಜೋನಿ ಕಾಕಸ್ ಎಂಬಾಕೆ ಅವನತ್ತ ಮನಸೋತಾಗ, ತಾನು ಸಲಿಂಗಿ ಎಂದು ಅವನು ಅವಳಿಗೆ ತಿಳಿಸುತ್ತಾನೆ. ಆಗಲೂ ಕೆಲವು ಪತ್ರಿಕೆಗಳು ಆ ದಿನದ ಸ್ಟ್ರಿಪ್ ಅಚ್ಚುಹಾಕಲು ನಿರಾಕರಿಸಿದವು. ಆದರೆ ಡೂನ್ಸ್‌ಬರಿ ಮೊದಲಿನಿಂದಲೂ ರಾಜಕೀಯ ಸರಣಿ. ಅದಕ್ಕೆ 1975ರಲ್ಲಿ ಅಮೆರಿಕದ ಪ್ರತಿಷ್ಠಿತ ಪತ್ರಿಕೋದ್ಯಮ ಪ್ರಶಸ್ತಿಯಾದ ಪುಲಿಟ್ಜರ್ ಬಂದಿತ್ತು. ಅನೇಕ ಪತ್ರಿಕೆಗಳು ಅದನ್ನು ಸಂಪಾದಕೀಯ ಪುಟಕ್ಕೇ ಸಾಗಿಸಿದ್ದವು. ಜಗಳವಾಡಲೆಂದೇ ಬಂದ ಅತಿಥಿಯ ಮಾತನ್ನು ಜನ ಹೇಗೋ ಕೇಳಿಸಿಕೊಳ್ಳುತ್ತಾರೆ. ಪ್ಯಾಟರ್ಸನ್ ಕುಟುಂಬ ಅಂಥ ಅತಿಥಿಯಾಗಿರಲಿಲ್ಲ.

ಉತ್ತರ 2: ಒಂಟಾರಿಯೊ ಕನ್ನಡತಿ

ಉಪಸಂಪಾದಕ ಸರ್ ಹೇಳಿದ ಕೊನೆಯ ಮಾತನ್ನೇ ಹಿಡಿದು ಮುಂದುವರಿಸುತ್ತೇನೆ. ಆ ಸರಣಿಯ ಪಾತ್ರಗಳು ನಮ್ಮ ಜೊತೆಯಲ್ಲಿಯೇ ವಯಸ್ಸಾಗುತ್ತಿದ್ದವು. ಬೇರೆ ಸ್ಟ್ರಿಪ್‌ಗಳಲ್ಲಿ ಮಗು ನಲವತ್ತು ವರ್ಷವಾದರೂ ಮಗುವೇ. ಇಲ್ಲಿ ಪುಟಾಣಿಯಾಗಿದ್ದ ಮೈಕಲ್ ಹದಿಹರೆಯದವನಾದ, ಅವನ ಜೊತೆ ಲಾರೆನ್ಸ್ ಕೂಡ ಬೆಳೆದ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಓದುಗರು ಅವನನ್ನು ಪಕ್ಕದ ಮನೆಯ ಹುಡುಗನೆಂದು ಎತ್ತಿ ಆಡಿಸಿದ್ದರು. ಹೊಸದಾಗಿ ಒಂದು ಪಾತ್ರವನ್ನು ತಂದು ‘ಇವನು ಸಲಿಂಗಿ’ ಎಂದು ಪರಿಚಯಿಸಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ, ಇಷ್ಟು ಸಿಟ್ಟೂ ಬರುತ್ತಿರಲಿಲ್ಲ. ಮೊದಲೇ ಪ್ರೀತಿಸಿ ಆಗಿದ್ದವನನ್ನು ಈಗ ಏನು ಮಾಡುವುದು ಎಂಬ ಸಂಕಟವೇ ಬಹಳಷ್ಟು ಮಂದಿಯಲ್ಲಿ ಸಿಟ್ಟಾಗಿ ಹೊರಬಂದಿತೆಂದು ನಾನು ನಂಬಿದ್ದೇನೆ.

ಆ ವರ್ಷ ನಮ್ಮ ಅತ್ತೆಯವರು ಧಾರವಾಡದಿಂದ ಬಂದು ಆರು ತಿಂಗಳು ನಮ್ಮ ಜೊತೆಗಿದ್ದರು. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದಲು ಅವರು ಆರಿಸಿಕೊಂಡದ್ದು ಇದೇ ಸ್ಟ್ರಿಪ್ ಅನ್ನು. ಪ್ರತಿದಿನ ಬೆಳಿಗ್ಗೆ ಚಹದ ಜೊತೆಗೆ ಓದಿ, ಅರ್ಥವಾಗದ್ದನ್ನು ನನ್ನನ್ನು ಕೇಳುತ್ತಿದ್ದರು. ಲಾರೆನ್ಸ್ ಗೆಳೆಯನಿಗೆ ಹೇಳಿಕೊಂಡ ದಿನ ನಾನು ಅರ್ಥ ಹೇಳಲು ತಡವರಿಸಿದೆ. ‘ಆಮೇಲೆ ಹೇಳುತ್ತೇನೆ ಅತ್ತೆ’ ಎಂದು ಪತ್ರಿಕೆಯನ್ನು ಮಡಿಚಿಟ್ಟೆ. ಆದರೆ ಗ್ರೆಗ್ ಅವನನ್ನು ಹೊರಗೆ ಹಾಕಿದ ದಿನದ ಚಿತ್ರ ಅವರಿಗೆ ಯಾರ ಸಹಾಯವೂ ಇಲ್ಲದೆ ಅರ್ಥವಾಯಿತು. ‘ರಾತ್ರಿ ಹೊತ್ತಿನಾಗ ಹುಡುಗನ್ನ ಹೊರಗ ಹಾಕ್ಯಾರಲ್ಲ, ಅವ ಉಂಡಾನೋ ಇಲ್ಲೋ’ ಎಂದು ಕೇಳಿದರು. ಮರುದಿನ ಪತ್ರಿಕೆ ಬರುವುದನ್ನು ಬಾಗಿಲಲ್ಲಿ ಕಾದು ನಿಂತಿದ್ದರು. ಅರ್ಥ ಹೇಳದೆ ಮಡಿಚಿಟ್ಟವಳು ನಾನು ಎಂಬುದನ್ನು ನೆನೆದಾಗ ಇಂದಿಗೂ ಬೇಸರವಾಗುತ್ತದೆ.

ಲಿನ್ ಅವರು ಈ ಕಥೆಯನ್ನು ವಿವಾದಕ್ಕಾಗಿ ಬರೆದವರಲ್ಲ ಎಂಬುದನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ತಿಳಿಸಿ. ಅವರ ಬಹುಕಾಲದ ಗೆಳೆಯ, ಹಾಸ್ಯ ಬರಹಗಾರ ಮೈಕಲ್ ಬಾಂಕರ್ 1991ರಲ್ಲಿ ಟೊರಾಂಟೊದಲ್ಲಿ ಕೊಲೆಯಾದರು. ಅವರು ಸಲಿಂಗಿಯಾಗಿದ್ದರು. ಆ ಗೆಳೆಯನ ನೆನಪೇ ಲಾರೆನ್ಸ್‌ನ ಕಥೆಗೆ ಮೂಲವೆಂದು ಲಿನ್ ಹೇಳಿಕೊಂಡಿದ್ದಾರೆ. ಬಂದ ಸಾವಿರಾರು ಪತ್ರಗಳಲ್ಲಿ ಬೈಗುಳ ಇದ್ದವು, ಆದರೆ ಹೆಚ್ಚಿನವು ಮೆಚ್ಚುಗೆಯ ಪತ್ರಗಳೇ ಆಗಿದ್ದವು. 1994ರಲ್ಲಿ ಇದೇ ಕಥೆಗಾಗಿ ಸಂಪಾದಕೀಯ ವ್ಯಂಗ್ಯಚಿತ್ರ ವಿಭಾಗದ ಪುಲಿಟ್ಜರ್‌ನ ಅಂತಿಮ ಸುತ್ತಿಗೆ ಅವರ ಹೆಸರು ತಲುಪಿತ್ತು. ಕುಟುಂಬದ ಕಥೆ ಹೇಳುವ ಒಂದು ಸ್ಟ್ರಿಪ್ ಆ ವಿಭಾಗದಲ್ಲಿ ಪರಿಗಣಿತವಾದದ್ದು ಸಣ್ಣ ಮಾತಲ್ಲ.

ಉತ್ತರ 3: ಇಬ್ಬರು ಮಕ್ಕಳ ತಂದೆ, ಹುಬ್ಬಳ್ಳಿ

ನಾನು ಯಾರನ್ನೂ ದ್ವೇಷಿಸುವವನಲ್ಲ ಎಂದು ಮೊದಲೇ ಹೇಳಿ ನನ್ನ ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಕಾಮಿಕ್ಸ್ ಪುಟವನ್ನು ತೆರೆಯುವ ಮಕ್ಕಳು ಏಳೆಂಟು ವರ್ಷದವರಾಗಿರುತ್ತಾರೆ. ಸಿನಿಮಾಕ್ಕೆ ಸೆನ್ಸಾರ್ ಇದೆ, ಪುಸ್ತಕವನ್ನು ನಾವೇ ಆರಿಸಿ ತಂದುಕೊಡುತ್ತೇವೆ. ಪತ್ರಿಕೆ ಮಾತ್ರ ನಮ್ಮ ಕಣ್ಣು ತಪ್ಪಿಸಿ ನೇರವಾಗಿ ಮಕ್ಕಳ ಕೈಗೆ ಹೋಗುತ್ತದೆ. ಯಾವ ವಿಷಯವನ್ನು ಯಾವ ವಯಸ್ಸಿನಲ್ಲಿ ಹೇಳಬೇಕೆಂಬ ತೀರ್ಮಾನ ತಂದೆತಾಯಿಗೆ ಇರಬೇಕೆಂದು ಅಂದಿನ ಓದುಗರು ಬಯಸಿದ್ದರೆ, ಅದನ್ನು ಕೇವಲ ಪೂರ್ವಗ್ರಹವೆಂದು ತಳ್ಳಿಹಾಕಬಾರದು.

ಉತ್ತರ 4: ಪದಶೋಧಕಿ, ಶಿವಮೊಗ್ಗ

ಹುಬ್ಬಳ್ಳಿಯ ಸರ್ ಅವರ ಆತಂಕ ಪ್ರಾಮಾಣಿಕವಾದದ್ದು; ಅದಕ್ಕೆ ಅಷ್ಟೇ ಪ್ರಾಮಾಣಿಕವಾಗಿ ಉತ್ತರಿಸಬೇಕು. ಅದೇ ಸರಣಿಯಲ್ಲಿ ಮೈಕಲ್‌ನ ಇನ್ನೊಬ್ಬ ಗೆಳೆಯ ಗಾರ್ಡನ್ ಕುಡುಕ ತಂದೆಯ ಕೈಯಲ್ಲಿ ಏಟು ತಿನ್ನುವ ಕಥೆಯಿತ್ತು. ಅದೂ ಮಕ್ಕಳ ಕೈಗೇ ಹೋಗಿತ್ತು, ಆದರೆ ಆಗ ಈ ಪ್ರಮಾಣದ ಕೋಲಾಹಲ ಏಳಲಿಲ್ಲ. ಆದ್ದರಿಂದ ಪ್ರಶ್ನೆ ವಯಸ್ಸಿನದು ಮಾತ್ರವಲ್ಲ. ತಂದೆ ಮಗನನ್ನು ಹೊಡೆಯುವುದನ್ನು ಮಕ್ಕಳಿಗೆ ವಿವರಿಸಬಹುದು, ಹುಡುಗನೊಬ್ಬ ಇನ್ನೊಬ್ಬ ಹುಡುಗನನ್ನು ಪ್ರೀತಿಸುವುದನ್ನು ವಿವರಿಸಲಾಗದು ಎಂದು ಜನರಿಗೆ ಅನ್ನಿಸಿದ್ದು ಏಕೆ ಎಂದೇ ನಾವು ಕೇಳಬೇಕು.

ಇದಕ್ಕೆ ಉತ್ತರದ ಒಂದು ಎಳೆ ನಮ್ಮ ಭಾಷೆಯಲ್ಲಿಯೇ ಸಿಗುತ್ತದೆ. ಕನ್ನಡದಲ್ಲಿ ನಾವು ಬಹುಕಾಲ ಬಳಸಿದ ಪದ ‘ಸಲಿಂಗಕಾಮಿ’. ಗಂಡು ಹೆಣ್ಣನ್ನು ಮೆಚ್ಚಿದರೆ ‘ಪ್ರೇಮಿ’ ಎನ್ನುತ್ತೇವೆ. ಗಂಡು ಗಂಡನ್ನು ಮೆಚ್ಚಿದರೆ ಪದದೊಳಗೇ ‘ಕಾಮ’ವನ್ನು ಸೇರಿಸಿಬಿಡುತ್ತೇವೆ. ಲಾರೆನ್ಸ್ ಹೇಳಿದ್ದು ಪ್ರೇಮವನ್ನು, ಸಿಟ್ಟಾದ ಓದುಗರು ಕೇಳಿಸಿಕೊಂಡದ್ದು ಕಾಮವನ್ನು. ಪ್ರಶ್ನೆ ಕೇಳಿದವರೇ ಗಮನಿಸಿರುವಂತೆ ಆ ಸ್ಟ್ರಿಪ್‌ಗಳಲ್ಲಿ ಒಂದು ಮುತ್ತೂ ಇರಲಿಲ್ಲ. ಮಕ್ಕಳಿಗೆ ಹೇಳಬಾರದ್ದು ಇದೆ ಎಂದು ದೊಡ್ಡವರಿಗೆ ಅನ್ನಿಸಿದ್ದು ಕಾಗದದ ಮೇಲೆ ಇರಲಿಲ್ಲ. ಅದನ್ನು ಅವರು ತಮ್ಮ ಮನಸ್ಸಿನಿಂದಲೇ ತಂದು ಅಲ್ಲಿಟ್ಟರು. ಇಂದು ನಮ್ಮ ಕೆಲವು ಬರಹಗಾರರು ‘ಸಲಿಂಗ ಪ್ರೇಮ’, ‘ಸಲಿಂಗಿ’ ಎಂದು ಬರೆಯತೊಡಗಿದ್ದಾರೆ. ಉಪನ್ಯಾಸದಲ್ಲಿ ತಾವೂ ಹಾಗೆಯೇ ಬಳಸಿದರೆ ಈ ವ್ಯತ್ಯಾಸ ವಿದ್ಯಾರ್ಥಿಗಳ ಕಿವಿಗೆ ತಾನಾಗಿಯೇ ಬೀಳುತ್ತದೆ.

ಕಾನೂನಿನ ಸ್ಥಿತಿಯನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು. ಕೆನಡಾ 1969ರಲ್ಲಿಯೇ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದಿತ್ತು. ಅಮೆರಿಕದ ಹಲವು ರಾಜ್ಯಗಳಲ್ಲಿ ಮಾತ್ರ 1993ರಲ್ಲಿಯೂ ಅದು ಅಪರಾಧವೇ ಆಗಿತ್ತು. ಆ ಕಾನೂನುಗಳು ಬಿದ್ದದ್ದು 2003ರಲ್ಲಿ. ನಮ್ಮಲ್ಲಿ ಸುಪ್ರೀಂ ಕೋರ್ಟ್, ಅದನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 377ನೇ ಕಲಂನ ಭಾಗವನ್ನು ರದ್ದುಗೊಳಿಸಿದ್ದು 2018ರ ಸೆಪ್ಟೆಂಬರ್ 6ರಂದು. ಒಂದು ದೇಶದಲ್ಲಿ ಬರೆದ ಸ್ಟ್ರಿಪ್ ಗಡಿಯ ಆಚೆ, ಅದೇ ವಿಷಯವನ್ನು ಅಪರಾಧವೆನ್ನುತ್ತಿದ್ದ ಊರುಗಳ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ.

ಉತ್ತರ 5: ಇಬ್ಬರು ಮಕ್ಕಳ ತಂದೆ, ಹುಬ್ಬಳ್ಳಿ

ಗಾರ್ಡನ್‌ನ ಕಥೆ ನನಗೆ ತಿಳಿದಿರಲಿಲ್ಲ. ಮೇಡಂ ಅವರ ಆ ಪ್ರಶ್ನೆಗೆ ನನ್ನ ಬಳಿ ಸದ್ಯಕ್ಕೆ ಉತ್ತರವಿಲ್ಲ. ವಯಸ್ಸಿನ ಬಗೆಗಿನ ನನ್ನ ಮಾತನ್ನು ನಾನು ಪೂರ್ತಿಯಾಗಿ ಹಿಂತೆಗೆದುಕೊಳ್ಳುವುದಿಲ್ಲ; ಆದರೆ ಅದನ್ನು ಒಂದು ಕಥೆಗೆ ಮಾತ್ರ ಅನ್ವಯಿಸಿ ಇನ್ನೊಂದಕ್ಕೆ ಅನ್ವಯಿಸದಿರುವುದು ಸರಿಯಲ್ಲ ಎಂದು ಒಪ್ಪುತ್ತೇನೆ.

ಚಿತ್ರಾಸಕ್ತ, ಮೈಸೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪುಟದ ಮೇಲೆ ಓದುಗರಿಗಿದ್ದ ಒಡೆತನದ ಭಾವನೆ, ಮುಂಚಿತವಾಗಿ ಹೆದರಿದ ಸಂಪಾದಕರು, ಜೊತೆಯಲ್ಲಿ ಬೆಳೆದ ಹುಡುಗ, ‘ಕಾಮ’ ಎಂಬ ಪದ: ಇವು ಯಾವುವೂ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಒಂಟಾರಿಯೊದ ಮೇಡಂ ಒಪ್ಪಿದರೆ, ಹೆಸರು ಹೇಳದೆ, ಅವರ ಅತ್ತೆಯವರ ಪ್ರಸಂಗದಿಂದಲೇ ಉಪನ್ಯಾಸ ಆರಂಭಿಸಬೇಕೆಂದಿದ್ದೇನೆ.

ಉಪಸಂಪಾದಕ ಸರ್ ಹೆಸರಿಸಿದ ಆ್ಯಂಡಿಯ ಬಗ್ಗೆ ಒಂದು ಮಾತನ್ನು ಸೇರಿಸುತ್ತೇನೆ. ಟ್ರುಡೊ ಅವನನ್ನು ಏಡ್ಸ್ ರೋಗಿಯಾಗಿ ಸರಣಿಗೆ ಮತ್ತೆ ಕರೆತಂದರು. 1990ರಲ್ಲಿ ಅವನು ಸರಣಿಯಲ್ಲಿಯೇ ತೀರಿಕೊಂಡ. ಏಡ್ಸ್‌ನಿಂದ ಸತ್ತವರ ನೆನಪಿಗೆ ಅವರ ಬಂಧುಮಿತ್ರರು ಹೊಲಿದ ತುಂಡುಗಳನ್ನು ಜೋಡಿಸಿದ ಬೃಹತ್ ಕೌದಿಯೊಂದು ಅಮೆರಿಕದಲ್ಲಿದೆ. ಅದರಲ್ಲಿ ಆ್ಯಂಡಿ ಲಿಪಿನ್‌ಕಾಟ್‌ನ ಹೆಸರಿನ ತುಂಡೂ ಇದೆ.

ಒಂಟಾರಿಯೊ ಕನ್ನಡತಿ

ಧಾರಾಳವಾಗಿ ಬಳಸಿ. ಲಾರೆನ್ಸ್ ಮನೆಗೆ ಮರಳಿದ ದಿನದ ಸ್ಟ್ರಿಪ್ ಅನ್ನು ಅತ್ತೆಯವರು ಕತ್ತರಿಸಿ ತಮ್ಮ ಪರ್ಸಿನಲ್ಲಿಟ್ಟುಕೊಂಡು ಧಾರವಾಡಕ್ಕೆ ಒಯ್ದಿದ್ದರು ಎಂಬುದನ್ನೂ ಸೇರಿಸಿಕೊಳ್ಳಿ.