ಮಳೆಗಾಲದಲ್ಲಿ ಕೋಲ್ಡ್ ಏರ್ ಇಂಟೇಕ್: ಎಂಜಿನ್ನಿಗೆ ನೀರು ಹೋಗುವ ಅಪಾಯ ಎಷ್ಟು?

ಪ್ರಶ್ನೆ (ನಾಪೋಕ್ಲು)

ಎಲ್ಲರಿಗೂ ನಮಸ್ಕಾರ. ನನ್ನದು 1 ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಕಾರು. ಗಾಳಿಯ ಫಿಲ್ಟರ್ ಕೂರುವ ಕಂಪನಿಯ ಏರ್ ಬಾಕ್ಸ್ ತೆಗೆಸಿ, ಹೊರಗಿನ ತಣ್ಣನೆಯ ಗಾಳಿಯನ್ನು ಎಂಜಿನ್ನಿಗೆ ಒಯ್ಯುವ ಕೋಲ್ಡ್ ಏರ್ ಇಂಟೇಕ್ ಹಾಕಿಸುವ ಯೋಚನೆಯಿದೆ. ನಾನು ನೋಡಿರುವ ಕಿಟ್ಟಿನ ಪೈಪು ಬಂಪರಿನ ಹಿಂದಕ್ಕೆ ಇಳಿದು, ಅದರ ಕೋನ್ ಫಿಲ್ಟರ್ ಫಾಗ್ ಲ್ಯಾಂಪಿನ ಮಟ್ಟದಲ್ಲಿ ಕೂರುತ್ತದೆ. ಕಾವೇರಿ ಉಕ್ಕಿದಾಗ ಭಾಗಮಂಡಲದ ಕಡೆಯ ರಸ್ತೆಯ ಮೇಲೆ ನೀರು ನಿಲ್ಲುವುದು ನಿಮಗೆಲ್ಲ ಗೊತ್ತೇ ಇದೆ. ಮಳೆಯಿಂದ ಏನೂ ಆಗದು, ಬೇಕಿದ್ದರೆ ಬೈಪಾಸ್ ವಾಲ್ವ್ ಹಾಕಿಕೊಡುತ್ತೇವೆ ಎಂದು ಅಂಗಡಿಯವರು ಹೇಳುತ್ತಾರೆ. ಅಷ್ಟು ಸಾಕೇ?

ಉತ್ತರ 1 (ಕುಶಾಲನಗರ, ಗ್ಯಾರೇಜ್ ಕೆಲಸ)

ಮಳೆಯ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಬಹುಮಟ್ಟಿಗೆ ಸರಿ. ಎರಚಲಿನಿಂದ ಫಿಲ್ಟರ್ ಒದ್ದೆಯಾದರೂ ಸಾಮಾನ್ಯವಾಗಿ ಎಂಜಿನ್ ಕೆಡುವುದಿಲ್ಲ. ಫಿಲ್ಟರ್ ಪೂರ್ತಿ ಮುಳುಗಿದಾಗ ಮಾತ್ರ ಎಂಜಿನ್ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗದ ಕಾರಣ ಮೇಲೇರುವ ಪಿಸ್ಟನ್ ನಡುವೆಯೇ ತಡೆದು ನಿಲ್ಲುತ್ತದೆ, ಆ ಹೊಡೆತಕ್ಕೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಮ್ಮ ಎಂಜಿನ್ನಿನ ಕಂಪ್ರೆಷನ್ ಅನುಪಾತ (ಸಿಲಿಂಡರಿನ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬುದು) 10:1 ಎಂದಿಟ್ಟುಕೊಂಡರೆ, ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಸುಮಾರು 37 ಮಿಲಿಲೀಟರ್. ಒಂದು ಲೋಟ ಕಾಫಿಯ ಅರ್ಧದಷ್ಟೂ ಅಲ್ಲದ ಈ ಜಾಗಕ್ಕಿಂತ ಹೆಚ್ಚು ನೀರು ಒಂದು ಸಿಲಿಂಡರಿಗೆ ಹೊಕ್ಕರೆ ಕೆಲಸ ಕೆಟ್ಟಂತೆಯೇ. ಡೀಸೆಲ್ ಎಂಜಿನ್ನಿನಲ್ಲಿ ಈ ಜಾಗ ಇನ್ನೂ ಕಡಿಮೆ.

ಕಂಪನಿಯವರು ಗಾಳಿಯ ಬಾಯನ್ನು ಸಾಮಾನ್ಯವಾಗಿ ರೇಡಿಯೇಟರಿನ ಮೇಲ್ಭಾಗದಲ್ಲಿ, ಬಾನೆಟ್ಟಿನ ಅಂಚಿಗೆ ಇಡುವುದು ಇದೇ ಕಾರಣಕ್ಕೆ. ನೀವು ಅದನ್ನು ಫಾಗ್ ಲ್ಯಾಂಪಿನ ಮಟ್ಟಕ್ಕೆ ಇಳಿಸುತ್ತಿದ್ದೀರಿ. ರಸ್ತೆಯ ಮೇಲೆ ಮೊಣಕಾಲಿಗಿಂತ ಕಡಿಮೆ ನೀರಿದ್ದರೂ ಕಾರು ನುಗ್ಗುವಾಗ ಬಂಪರಿನ ಮುಂದೆ ಅಲೆ ಏಳುತ್ತದೆ, ಎದುರಿನಿಂದ ಬಸ್ಸೊಂದು ಬಂದರೆ ಅದರ ಅಲೆಯೂ ಸೇರುತ್ತದೆ.

ಬೈಪಾಸ್ ವಾಲ್ವ್ ನಿಮ್ಮ ಕಾರಿಗೆ ಹೊಂದುವುದಿಲ್ಲ. ಫಿಲ್ಟರ್ ಮುಳುಗಿ ಎಳೆತ ಹೆಚ್ಚಾದಾಗ ತೆರೆದುಕೊಂಡು ಮೇಲಿನಿಂದ ಗಾಳಿ ಬಿಡುವ ಈ ವಾಲ್ವನ್ನು ಟರ್ಬೊ ಎಂಜಿನ್ನುಗಳಿಗೆ ಬಳಸಬಾರದೆಂದು ಅದನ್ನು ತಯಾರಿಸುವವರೇ ಹೇಳುತ್ತಾರೆ. ನೀರು ಹಿಡಿಯದ ಬಟ್ಟೆಯ ಹೊದಿಕೆಯೂ ಎರಚಲಿಗಷ್ಟೇ.

ಉತ್ತರ 2 (ಮಡಿಕೇರಿ)

ಇಷ್ಟು ಅಪಾಯಕ್ಕೆ ಸಿಗುವ ಲಾಭವಾದರೂ ಎಷ್ಟು ಎಂದು ಯೋಚಿಸಿ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಗಾಳಿಯೇ ತಣ್ಣಗಿರುತ್ತದೆ, ಕಂಪನಿಯ ಬಾಕ್ಸ್ ಕೂಡ ಗ್ರಿಲ್ಲಿನ ಮುಂದಿನಿಂದ ಆ ಹೊರಗಾಳಿಯನ್ನೇ ತೆಗೆದುಕೊಳ್ಳುತ್ತದೆ. ಟರ್ಬೊ ಕಾರಿನಲ್ಲಿ ಒತ್ತಿದ ಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಬೇರೆ ಇದೆ. ಹೆಚ್ಚಾಗುವುದು ಬಹುಪಾಲು ಸದ್ದು.

ವಿಮೆಯನ್ನೂ ಮರೆಯಬೇಡಿ. ನೀರು ಎಳೆದು ಕೆಟ್ಟ ಎಂಜಿನ್ನಿಗೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ. ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಎಂಬ ಆಡ್-ಆನ್ ಬೇಕು. ಅದಿದ್ದರೂ, ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ್ದರೆ ಕ್ಲೇಮಿಗೆ ತಕರಾರು ಬರಬಹುದು.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಕಿಟ್ಟಿನ ಯೋಚನೆ ಬಿಡುತ್ತೇನೆ. ಕಂಪನಿಯ ಬಾಕ್ಸಿನೊಳಗೇ ಕೂರುವ, ತೊಳೆದು ಬಳಸುವ ಫಿಲ್ಟರ್ ಹಾಕಬಹುದೇ? ಇನ್ನು, ಅಕಸ್ಮಾತ್ ನೀರಿನಲ್ಲಿ ಕಾರು ನಿಂತುಬಿಟ್ಟರೆ ಮೊದಲು ಏನು ಮಾಡಬೇಕು?

ಉತ್ತರ 3 (ಕುಶಾಲನಗರ, ಗ್ಯಾರೇಜ್ ಕೆಲಸ)

ಧಾರಾಳವಾಗಿ ಹಾಕಿ, ಎಣ್ಣೆ ಸವರುವ ಬಗೆಯದಾದರೆ ಎಣ್ಣೆ ಹೆಚ್ಚಾಗದಂತೆ ನೋಡಿಕೊಳ್ಳಿ, ಒಳಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರಿಗೆ ಅಂಟುತ್ತದೆ. ಬಾಕ್ಸಿನ ತಳದಲ್ಲಿ ನೀರು ಇಳಿಯುವ ಸಣ್ಣ ತೂತು ಇದ್ದರೆ ಅದರಲ್ಲಿ ಎಲೆ, ಕೆಸರು ಕಟ್ಟಿಕೊಳ್ಳದಂತೆ ಜೂನ್‌ಗೆ ಮೊದಲೇ ಶುಚಿ ಮಾಡಿಸಿ.

ನೀರಿನಲ್ಲಿ ನಿಂತ ಕಾರಿನ ಸ್ಟಾರ್ಟರನ್ನು ಯಾವ ಕಾರಣಕ್ಕೂ ಮತ್ತೆ ಒತ್ತಬೇಡಿ. ತಳ್ಳಿಸಿಯೋ ಎಳೆಸಿಯೋ ಹೊರಗೆ ತಂದು ಫಿಲ್ಟರ್ ತೆಗೆದು ನೋಡಿ. ಅದರ ಮಡಿಕೆಗಳ ಒಳಬದಿಗೂ ಕೆಂಪು ಕೆಸರು ಹತ್ತಿದ್ದರೆ ನೀರು ಮುಂದಕ್ಕೆ ಹೋಗಿದೆಯೆಂದೇ ತಿಳಿಯಬೇಕು. ಆಗ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿಸಬೇಕು. ಇಂಟರ್‌ಕೂಲರಿನ ಪೈಪನ್ನೂ ಬಿಚ್ಚಿಸಿ, ಏಕೆಂದರೆ ಅದರ ತಳದಲ್ಲಿ ಉಳಿದ ನೀರು ಮುಂದೊಮ್ಮೆ ಆಕ್ಸಿಲರೇಟರ್ ತುಳಿದಾಗ ಒಳಗೆ ಹೋಗಬಲ್ಲದು. ಸ್ವಲ್ಪ ಬಾಗಿದ ರಾಡಿನಲ್ಲೂ ಎಂಜಿನ್ ಓಡುವುದುಂಟು, ಆದರೆ ಅದೇ ರಾಡು ಮುಂದೆ ಮುರಿದು ಬ್ಲಾಕನ್ನೇ ಒಡೆಯಬಹುದು. ಆದ್ದರಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಎಂಜಿನ್ ಎಣ್ಣೆ ನೀರು ಬೆರೆತು ಹಾಲಿನಂತೆ ಬಿಳಿಚಿದೆಯೇ ನೋಡಿದ ಮೇಲೆಯೇ ಗಾಡಿ ಓಡಿಸಿ.