ಮನೆಯೊಳಗೆ ಹುಕ್ಕಾ, ಪಕ್ಕದಲ್ಲೇ ತೊಟ್ಟಿಲು: ಹೇಗೆ ತಡೆಯೋದು?

ತೋಟದಮನೆ ಸೊಸೆ (ವಿರಾಜಪೇಟೆ ಕಡೆ):
ಎಲ್ಲರಿಗೂ ನಮಸ್ಕಾರ. ಮೈದುನ ದುಬೈಯಿಂದ ರಜೆಗೆ ಬಂದಿದ್ದಾನೆ. ಬರುವಾಗ ಹುಕ್ಕಾ ಸೆಟ್ಟೂ ತಂದಿದ್ದಾನೆ, ಅಲ್ಲಿ ಶೀಶಾ ಅಂತಾರೆ. ಸಂಜೆಯಾದರೆ ಸ್ನೇಹಿತರು ಸೇರುತ್ತಾರೆ, ಹಾಲ್‌ನಲ್ಲೇ ಕೂತು ಊಟದ ಹೊತ್ತಿನವರೆಗೂ ಎಳೆಯುತ್ತಾರೆ. ಮಳೆ ಬಿಡುವ ಲಕ್ಷಣ ಇಲ್ಲ, ಕಿಟಕಿ ಎಲ್ಲಾ ಮುಚ್ಚಿರುತ್ತೆ. ಗ್ಯಾಸ್ ಒಲೆ ಮೇಲೆ ಇದ್ದಿಲು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದುಕೊಂಡು ತೊಟ್ಟಿಲ ಪಕ್ಕದಲ್ಲೇ ಹಾದು ಹೋಗುತ್ತಾನೆ. ಮಗನಿಗೆ ಇನ್ನೂ ವರ್ಷ ತುಂಬಿಲ್ಲ, ಆಗಾಗ ಉಬ್ಬಸ ಬೇರೆ. ಅವನ ಉಲ್ಲನ್ ಟೋಪಿ ಮೂಸಿದರೂ ಅದೇ ವಾಸನೆ. ಹೆಸರು ಡಬಲ್ ಆಪಲ್, ಮೂಗಿಗೆ ಹೊಡೆಯೋದು ಮಾತ್ರ ಸೋಂಪು.

ಅತ್ತೆ ಹೇಳೋದು, "ನೀರಲ್ಲಿ ತೊಳೆದು ಬರೋ ಹೊಗೆ, ಬೀಡಿ ಥರ ಅಲ್ಲ" ಅಂತ. ನಮ್ಮವರು ವಾರಪೂರ್ತಿ ಮೈಸೂರಲ್ಲಿ. ಕೋಣೆ ಬಾಗಿಲು ಹಾಕಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕಾ? ಮನಸ್ತಾಪ ಆಗದ ಹಾಗೆ ಹೇಳೋದು ಹೇಗೆ?

ಕುಶಾಲನಗರ ಹುಡುಗ:
ಅಕ್ಕ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ. ತಂಬಾಕು ಇಲ್ಲದ ಹರ್ಬಲ್ ಸಿಗುತ್ತೆ, ಅದಕ್ಕೆ ಬದಲಾಯಿಸೋಕೆ ಹೇಳಿ. ನಿಕೋಟಿನ್ ಇರಲ್ಲ, ಬರೀ ಫ್ಲೇವರ್. ರಜೆ ಮುಗಿದರೆ ಹೇಗೂ ಹೊರಡುತ್ತಾರೆ ಅಲ್ವಾ?

ನಾಪೋಕ್ಲು ಟು ಕಾರ್ಡಿಫ್:
ಹರ್ಬಲ್ ಮಾತು ನಂಬಬೇಡಿ. ಮೇಲೆ ಇಡೋದು ಅದೇ ಇದ್ದಿಲು ತಾನೇ? ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನೀರು ಅದನ್ನು ಹಿಡಿದಿಡೋದೂ ಇಲ್ಲ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತೆ ಅಷ್ಟೆ. ಗಂಟಲು ಕೆರೆಯಲ್ಲ, ಹಾಗಾಗಿ ಉದ್ದಕ್ಕೆ ಎಳೆಯುತ್ತಾರೆ. ಒಂದು ಸಲ ಕೂತರೆ ಒಳಗೆ ಹೋಗುವ ಹೊಗೆ 100 ಸಿಗರೇಟಿನಷ್ಟು ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿದೆ. ಅವರು ಬಿಟ್ಟ ಹೊಗೆ, ಕೆಂಡದ ಹೊಗೆ ಎರಡೂ ಮಗುವಿನ ಪಾಲಿಗೆ.

ನಾನು ಇಲ್ಲಿ, ಬ್ರಿಟನ್ನಿನ ವೇಲ್ಸ್‌ನಲ್ಲಿ, ನರ್ಸ್. ಕಾರ್ಡಿಫ್‌ನಲ್ಲಿ ಸೋಮಾಲಿ ಕುಟುಂಬಗಳು ತಲೆಮಾರುಗಳಿಂದ ಇವೆ, ಹಿಂದೆ ಹಡಗಿನ ಕೆಲಸಕ್ಕೆ ಬಂದವರ ಮಕ್ಕಳು, ಮೊಮ್ಮಕ್ಕಳು. ಕೆಲವು ಮನೆಗಳಲ್ಲಿ ನಿಮ್ಮದೇ ಕಥೆ. 2007ರಲ್ಲಿ ವೇಲ್ಸ್‌ನ ಕೆಫೆಗಳ ಒಳಗೆ ಹೊಗೆ ಸೇದೋದು ನಿಷೇಧ ಆಯಿತು, ಆದರೆ ಆ ಕಾನೂನು ಮನೆಯೊಳಗೆ ಬರಲ್ಲ. ಹೊರಗೆ ಚಳಿ, ಕಿಟಕಿ ಬಂದ್, ನೆಂಟರು, ಚಹಾ, ಶೀಶಾ. ಅದರ ಜೊತೆ ದಬ್‌ಕಾದ್ ಅನ್ನೋ ಧೂಪದ ಪಾತ್ರೆಯಲ್ಲಿ ಕೆಂಡದ ಮೇಲೆ ಉನ್ಸಿ ಹಾಕುತ್ತಾರೆ, ನಮ್ಮ ಸಾಂಬ್ರಾಣಿ ಥರ. ಮನೆ ಘಮ್ಮಂತಿರುತ್ತೆ, ಶೀಶಾ ವಾಸನೆ ಗೊತ್ತೇ ಆಗಲ್ಲ, ಹೊಗೆ ಮಾತ್ರ ಎರಡು ಪಟ್ಟು.

ಅಲ್ಲಿ ನಾನು ನೋಡಿದ್ದು ಏನಂದ್ರೆ, ಗಂಡುಮಕ್ಕಳಿಗೆ ಉಪದೇಶ ಮಾಡಿ ಪ್ರಯೋಜನ ಇಲ್ಲ, ಮನೆಯ ಅಜ್ಜಿ ಒಂದು ಮಾತು ಹೇಳಿದರೆ ಎಲ್ಲರೂ ಎದ್ದು ಹೊರಗೆ ಹೋಗುತ್ತಾರೆ. ಅದೂ ಅತಿಥಿಗಳು ಬರುವ ಮೊದಲೇ ಹೇಳಬೇಕು. ಹಚ್ಚಿದ ಮೇಲೆ ಆರಿಸಿ ಅನ್ನೋಕೆ ಯಾರಿಗೂ ಬಾಯಿ ಬರಲ್ಲ.

ಫ್ಯಾನ್ ವಿಷಯ: ಸಾಕಾಗಲ್ಲ. ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತವೆ, ಬಾಗಿಲ ಸಂದಿಯಲ್ಲೂ ನುಗ್ಗುತ್ತವೆ. ಮಗುವಿಗೆ ಉಬ್ಬಸ ಇದೆ ಅಂತೀರಿ, ಮನೆಯ ಹೊರಗೆ ಅನ್ನೋದು ಬಿಟ್ಟು ಬೇರೆ ದಾರಿ ಇಲ್ಲ.

ಸೋಮವಾರಪೇಟೆ ಹಳೇ ಪ್ಲಾಂಟರ್:
ಮಗಳೇ, ಅತ್ತೆ ಹತ್ತಿರ ನಿಕೋಟಿನ್, ಕ್ಯಾನ್ಸರ್ ಅಂತೆಲ್ಲ ಶುರು ಮಾಡಬೇಡ. ಕೆಂಡದ ಮಾತು ಎತ್ತು. ಮಳೆಗಾಲದಲ್ಲಿ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬಾರದು ಅಂತ ಅವರಿಗೆ ಯಾರೂ ಕಲಿಸಬೇಕಿಲ್ಲ. "ಅತ್ತೆ, ಹಾಲ್‌ನಲ್ಲಿ ಇರೋದೂ ಅದೇ ಕೆಂಡ ಅಲ್ವಾ?" ಅಂತ ಕೇಳು, ಸಾಕು. ಮೈದುನನಿಗೆ ಅವರೇ ಹೇಳಲಿ, ನೀನು ಕೆಟ್ಟವಳಾಗೋದು ಬೇಡ.

ಜಾಗನೂ ತೋರಿಸಿ. ಜಗಲಿ ಬೇಡ, ಬಾಗಿಲು ತೆಗೆದಾಗೆಲ್ಲಾ ಹೊಗೆ ಒಳಗೇ ಬರುತ್ತೆ. ಕಾಫಿ ಕಣದ ಹತ್ತಿರ ಗೋಡೆ ಇಲ್ಲದ ಶೆಡ್ ಇದ್ದರೆ ಅಲ್ಲಿ ಕೂರಲಿ.

ಇನ್ನೊಂದು. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಲ್ಲೇ ಹುಕ್ಕಾ ಮಾರಾಟ, ಸೇವನೆ ಎರಡಕ್ಕೂ ಸರ್ಕಾರ ನಿಷೇಧ ಹಾಕಿದೆ, ಏಪ್ರಿಲ್‌ನಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಮೈದುನನ ಮೇಲೆ ಯಾರೂ ಕಂಪ್ಲೇಂಟ್ ಕೊಡಲ್ಲ ಬಿಡಿ, ಆದರೆ ಊರಿನ ಹುಡುಗರನ್ನೆಲ್ಲ ಸೇರಿಸೋ ಮುಂಚೆ ಅವನಿಗೆ ಇದು ಗೊತ್ತಿರಲಿ.

ಕುಶಾಲನಗರ ಹುಡುಗ:
ಈ ಮಳೆಯಲ್ಲಿ ಶೆಡ್‌ಗೆ ಯಾರು ಹೋಗ್ತಾರೆ ಅಂಕಲ್?

ಸೋಮವಾರಪೇಟೆ ಹಳೇ ಪ್ಲಾಂಟರ್:
ಹೋಗದಿದ್ರೆ ಇನ್ನೂ ಒಳ್ಳೇದು.

ತೋಟದಮನೆ ಸೊಸೆ:
ಕೆಂಡದ ಮಾತಿಗೆ ಅತ್ತೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತೊಟ್ಟಿಲನ್ನು ತಾವೇ ಹಿಂದಿನ ಕೋಣೆಗೆ ಎಳೆಸಿದರು. ಅಂದರೆ ತಲೆಗೆ ಹೋಗಿದೆ. ಶೆಡ್ ಇದೆ, ಆದರೆ ಅಲ್ಲಿ ಗೊಬ್ಬರದ ಮೂಟೆ, ವೀಡ್ ಕಟರ್, ಪೆಟ್ರೋಲ್ ಕ್ಯಾನ್ ಎಲ್ಲಾ ಇದೆ. ಮತ್ತೆ ಅವನು ಹೊರಗೆ ಸೇದಿ ಬಂದ ತಕ್ಷಣ ಮಗುವನ್ನು ಎತ್ತಿಕೊಂಡರೆ ಪರವಾಗಿಲ್ವಾ?

ನಾಪೋಕ್ಲು ಟು ಕಾರ್ಡಿಫ್:
ಅಯ್ಯೋ, ಪೆಟ್ರೋಲ್ ಮತ್ತು ಗೊಬ್ಬರ ಮೊದಲು ಬೇರೆ ಕಡೆ ಸಾಗಿಸಿ, ಆಮೇಲೆ ಕೆಂಡದ ಮಾತು. ಇದ್ದಿಲು ಹಚ್ಚೋದೂ ಅಲ್ಲೇ ಆಗಲಿ, ಅಡುಗೆಮನೆಯಲ್ಲಿ ಬೇಡ. ಮುಗಿದ ಮೇಲೆ ನೀರು ಹಾಕಿ ಪೂರ್ತಿ ಆರಿಸಬೇಕು. ಮಗುವನ್ನು ಎತ್ತಿಕೊಳ್ಳುವ ಮುಂಚೆ ಅಂಗಿ ಬದಲಾಯಿಸಿ ಕೈ, ಮುಖ ತೊಳೆಯಲಿ, ಬಟ್ಟೆಗೆ ಅಂಟಿದ್ದೂ ಮಗುವಿಗೆ ಒಳ್ಳೆಯದಲ್ಲ. ಆ ಟೋಪಿ, ಹಾಲ್‌ನ ಪರದೆ, ಕುಶನ್ ಕವರ್ ಒಗೆದುಬಿಡಿ, ಈ ಮಳೆಯಲ್ಲಿ ಒಣಗಿಸೋದು ಕಷ್ಟ ಅಂತ ಗೊತ್ತು.

ಹೊಗೆ ಇರುವ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಂತಿ, ತಲೆಸುತ್ತು ಬಂದರೆ ಗ್ಯಾಸ್ಟ್ರಿಕ್ ಅಂತ ಸುಮ್ಮನಾಗಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ಆಸ್ಪತ್ರೆಗೆ ಹೋಗಿ. ಮಗನ ಉಬ್ಬಸಕ್ಕೆ ತೋರಿಸುವ ಡಾಕ್ಟರ್‌ಗೂ ಮನೆಯಲ್ಲಿ ಹುಕ್ಕಾ ಇತ್ತು ಅಂತ ಹೇಳಿ, ಮುಚ್ಚಿಡಬೇಡಿ. ಮೈದುನ ಬಿಡುವ ಮನಸ್ಸು ಮಾಡಿದರೆ 1800-11-2356ಕ್ಕೆ ಫೋನ್ ಮಾಡಲಿ, ತಂಬಾಕು ಬಿಡಿಸೋಕೆ ಸರ್ಕಾರದ ಉಚಿತ ಸಹಾಯವಾಣಿ ಅದು.