ಮಗಳಿಗೆ ಕಮ್ಯುನಿಟಿ ಮೆಡಿಸಿನ್ ಸೀಟ್ ಸಿಕ್ಕಿದೆ, ಸೇರಿಸಲಾ?

ಪ್ರಶ್ನೆ (ಸೇಡಂ ಕಡೆಯ ತಂದೆ): ಡಾಕ್ಟರ್ ಸಾಹೇಬ್ರೇ, ಮಗಳು ಎಂಬಿಬಿಎಸ್ ಮುಗಿಸಿದ್ದಾಳೆ. ಪಿಜಿಗೆ ಕಮ್ಯುನಿಟಿ ಮೆಡಿಸಿನ್ ಸಿಕ್ಕಿದೆ, ಒಬ್ಬೊಬ್ಬ ರೋಗಿಯಲ್ಲ, ಇಡೀ ಊರಿನ ಆರೋಗ್ಯ ನೋಡುವ ವಿಭಾಗವಂತೆ. ನೆಂಟರು "ಆಪರೇಷನ್ ಇಲ್ಲ, ಏನಿಲ್ಲ, ಬರೀ ಲೆಕ್ಕ ಬರೆಯೋ ಡಾಕ್ಟರು" ಎಂದು ನಗುತ್ತಾರೆ. ಅವಳು ಕೇಳಿದರೆ ಸಾಮಾಜಿಕ ನ್ಯಾಯ ಅನ್ನುತ್ತಾಳೆ. ನಾನು ಕಿರಾಣಿ ಅಂಗಡಿಯವನು. ರೋಗಕ್ಕೂ ನ್ಯಾಯಕ್ಕೂ ಏನ್ರೀ ಸಂಬಂಧ?

ಉತ್ತರ (ಕಮ್ಯುನಿಟಿ ಮೆಡಿಸಿನ್ ವೈದ್ಯ, ಕಲಬುರಗಿ): ನೆಂಟರ ಮಾತಿಗೆ ಬೇಜಾರಾಗಬೇಡಿ. ನಮ್ಮ ಕ್ಲಾಸಿನಲ್ಲೂ ಅರ್ಧ ಹುಡುಗರು ನಿದ್ದೆ ಮಾಡುತ್ತಿದ್ದರು, ನಾನೂ ಸೇರಿದಂತೆ!

ಒಬ್ಬ ಪೇಷಂಟ್ ವಿಷಯ ಹೇಳುತ್ತೇನೆ. ಚಿತ್ತಾಪುರದ ಕಡೆ ಒಂದು ತಾಂಡಾ. ಗಂಡಸಿಗೆ ಟಿಬಿ. ಔಷಧ ಪುಕ್ಕಟೆ, ಆರು ತಿಂಗಳು ತಿನ್ನಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಆಮೇಲೆ ಆಸಾಮಿ ನಾಪತ್ತೆ. ಫೈಲಿನಲ್ಲಿ "ಪೇಷಂಟ್ ಸಹಕರಿಸಲಿಲ್ಲ" ಎಂದು ಬರೆದರು. ಮತ್ತೆ ಬಂದಾಗ ತೂಕ 38 ಕೆಜಿ. ಮನೆಗೆ ಹೋಗಿ ನೋಡಿದೆ. ಒಂದೇ ಕೋಣೆ, ಕಿಟಕಿ ಇಲ್ಲ, ಅದರಲ್ಲಿ ಆರು ಜನ ಮಲಗುತ್ತಾರೆ. ಮೇಸ್ತ್ರಿ ಹತ್ತಿರ ಮುಂಗಡ ತಗೊಂಡಿದ್ದ, ಅದನ್ನು ತೀರಿಸಲು ಪುಣೆಗೆ ಗುಳೆ ಹೋಗಿದ್ದ. ಹೋಗದೆ ಏನು ಮಾಡ್ತಾನೆ, ಹೇಳಿ? ಗೂಡಿನಲ್ಲಿ ಮಾತ್ರೆ ಹಾಗೇ ಇತ್ತು. ಆ ದಿನ ಒಲೆ ಮೇಲೆ ಅನ್ನ, ಖಾರ. ಬೇಳೆ ಇರಲಿಲ್ಲ. ತೊಗರಿ ಕಣಜ ಅನ್ನುತ್ತೇವಲ್ಲ ನಮ್ಮ ಜಿಲ್ಲೆಯನ್ನು, 2019ರಲ್ಲಿ ನಮ್ಮ ಬೇಳೆಗೆ ಜಿಐ ಟ್ಯಾಗ್ (ಇದು ಈ ಊರಿನದೇ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು) ಕೂಡ ಬಂತು. ಅದನ್ನು ಕೊಯ್ಯುವ ಮನೆಯ ಸ್ಥಿತಿ ಇದು.

ಹಸಿದ ಮೈಗೆ ಟಿಬಿ ಬೇಗ ಹತ್ತುತ್ತದೆ. ಇದು ನನ್ನ ಊಹೆಯಲ್ಲ. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ಟು ನೋಡಿದರು. ಕೊಡದ ಮನೆಗಳಿಗೆ ಹೋಲಿಸಿದರೆ ಹೊಸದಾಗಿ ಟಿಬಿ ಬರುವುದು ಸುಮಾರು ಶೇ 39ರಷ್ಟು ಕಡಿಮೆಯಾಯಿತು. 2023ರಲ್ಲಿ ಅದು ಪ್ರಕಟವಾಯಿತು. ಮುಂದೆ ನಿಂತು ಮಾಡಿಸಿದವರು ನಮ್ಮ ಮಂಗಳೂರಿನ ಡಾಕ್ಟರುಗಳೇ. ನಿಮ್ಮ ಅಂಗಡಿಯಲ್ಲಿ ತೂಗುವ ಸಾಮಾನೇ ಅಲ್ವಾ ಅದು? ಅದು ಯಾರ ಮನೆಗೆ ತಲುಪುತ್ತಿಲ್ಲ, ಯಾಕೆ ತಲುಪುತ್ತಿಲ್ಲ ಎಂದು ಹುಡುಕುವುದು ನಿಮ್ಮ ಮಗಳ ಕೆಲಸ. ಲೆಕ್ಕ ಬರೆಯುವುದು ಅದಕ್ಕೇ.

ಆಶಾ ಕಾರ್ಯಕರ್ತೆ, ಯಾದಗಿರಿ: ಸರ್, ನಮ್ಮಲ್ಲೂ ಒಬ್ಬಾಕೆ ಮುಂದಿನ ವಾರ ಮುಂಬೈಗೆ ಹೊರಟಿದ್ದಾಳೆ. ಟಿಬಿ ಮಾತ್ರೆ ಶುರುವಾಗಿ ಮೂರು ತಿಂಗಳು. ಬೇಡ ಅಂದರೆ ಕೇಳುತ್ತಿಲ್ಲ.

ಉತ್ತರ: ತಡೆಯಬೇಡಿ ಅಕ್ಕಾ, ಹೊಟ್ಟೆಪಾಡು. ಅವಳ ನಿಕ್ಷಯ್ ಐಡಿ, ಅಂದರೆ ಸರ್ಕಾರದ ಟಿಬಿ ದಾಖಲೆಯಲ್ಲಿನ ಅವಳ ನಂಬರ್, ಬರೆದು ಕೊಡಿ. ಹೋಗುವ ಜಾಗ ಕೇಳಿಕೊಂಡು ಟಿಬಿ ಸೂಪರ್‌ವೈಸರ್‌ಗೆ ಹೇಳಿ ಟ್ರಾನ್ಸ್‌ಫರ್ ಹಾಕಿಸಿ, ಅಲ್ಲೇ ಮಾತ್ರೆ ಸಿಗುತ್ತದೆ. ದಾರಿಗೆ ಸಾಕಾಗುವಷ್ಟು ಕೈಯಲ್ಲಿ ಕೊಟ್ಟು ಕಳಿಸಿ. ಟಿಬಿ ರೋಗಿಯ ಊಟಕ್ಕೆಂದು ಸರ್ಕಾರ ಕೊಡುವ ಪೋಷಣೆ ದುಡ್ಡು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಖಾತೆಗೆ ಬರುತ್ತಿದೆಯಾ, ಪಾಸ್‌ಬುಕ್ ನೋಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತಪಾಸಣೆ ಮಾಡಿಸಿ.

ಬೀದರ್‌ನ ಸದಸ್ಯ: ಕೂಲಿ, ಸಾಲ, ರೇಷನ್ ಎಲ್ಲ ಸರ್ಕಾರದ ವಿಷಯ. ಡಾಕ್ಟರು ರಾಜಕೀಯ ಮಾಡಬೇಕಾ?

ಉತ್ತರ: ಈ ಬೈಗುಳ ಹಳೆಯದು. 1848ರಲ್ಲಿ ರುಡಾಲ್ಫ್ ವಿರ್ಶೋ ಎಂಬ ಜರ್ಮನ್ ವೈದ್ಯನನ್ನು ಅಲ್ಲಿನ ಸರ್ಕಾರ ಅಪ್ಪರ್ ಸೈಲೀಸಿಯಾ ಎಂಬ ಬಡ ಪ್ರದೇಶಕ್ಕೆ (ಈಗ ಬಹುಪಾಲು ಪೋಲೆಂಡ್‌ನಲ್ಲಿದೆ) ಕಳಿಸಿತು. ಅಲ್ಲಿ ಟೈಫಸ್ ಜ್ವರ ಹರಡಿತ್ತು. ವಯಸ್ಸು 26. ಸರ್ಕಾರ ಔಷಧದ ಪಟ್ಟಿ ಬರಬಹುದೆಂದು ಕಾದಿರಬೇಕು. ಅವನು ರಸ್ತೆ ಮಾಡಿಸಿ, ಜನರ ಭಾಷೆಯಲ್ಲೇ ಶಾಲೆ ನಡೆಸಿ, ಅವರಿಗೆ ಸ್ವಂತ ಆಡಳಿತ ಕೊಡಿ ಎಂದು ಬರೆದ. ಕೆಲಸ ಕಳೆದುಕೊಂಡ, ಅದು ಬೇರೆ ಕಥೆ.

ನಮ್ಮ ಭಾಗವನ್ನೇ ನೋಡಿ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ ಎಷ್ಟು ಗಲಾಟೆ! ಬೀದರ್, ಯಾದಗಿರಿ, ಕಲಬುರಗಿ ಮಕ್ಕಳಿಗೆ ಮೊದಲು ಕೊಟ್ಟಿದ್ದು ಯಾಕೆ? ಇಲ್ಲಿ ಮಕ್ಕಳು ಬಡಕಲಾಗಿದ್ದರು, ರಕ್ತ ಕಡಿಮೆ ಇತ್ತು. ಡಾಕ್ಟರು ಬಾಯಿ ಮುಚ್ಚಿಕೊಂಡಿದ್ದರೆ ಅದೂ ರಾಜಕೀಯವೇ, ಇನ್ನೊಂದು ಕಡೆಯದು.

ಸೇಡಂ ಕಡೆಯ ತಂದೆ: ಅರ್ಥ ಆಯ್ತು ಸರ್. ಕೊನೆಯದು, ಕೈ ಮುಟ್ಟಿ ಪೇಷಂಟ್ ನೋಡುವುದು ಇರುತ್ತದಾ?

ಉತ್ತರ: ಇರುತ್ತದೆ. ಕಾಲೇಜಿಗೆ ಸೇರಿದ ಹಳ್ಳಿ ಸೆಂಟರ್ ಇರುತ್ತದೆ, ಅಲ್ಲಿ ಓಪಿಡಿ ನಡೆಯುತ್ತದೆ. ದುಡ್ಡು ಮಾತ್ರ ಸರ್ಜನ್‌ನಷ್ಟು ಬರಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಸೀಟ್ ತಗೊಳ್ಳುವ ಮೊದಲು ಮಗಳನ್ನು ಒಂದು ದಿನ ನಮ್ಮ ಸೆಂಟರಿಗೆ ಕರೆದುಕೊಂಡು ಬನ್ನಿ. ಡಬ್ಬಿ ಕಟ್ಟಿಕೊಂಡು ಬನ್ನಿ, ಅಲ್ಲಿ ಹೋಟೆಲ್ ಇಲ್ಲ.